ಹತ್ತು ಬೆರಳಿನವಳಿಗೆ ಎರಡು ಹೆಬ್ಬೆರಳು

ನನ್ನ ಗಂಡನಿಗೆ ಕಿವಿ ಕೇಳಿಸುವುದಿಲ್ಲ. ಹುಟ್ಟಿನಿಂದಲ್ಲ. ಮದುವೆಯಾಗಿ ಎಂಟು ವರ್ಷಕ್ಕೆ ಒಂದು ಜ್ವರ ಬಂತು, ಹೋಗುವಾಗ ಎರಡೂ ಕಿವಿಗಳನ್ನು ಒಯ್ದಿತು. ಮಾತನ್ನು ಮಾತ್ರ ಬಿಟ್ಟು ಹೋಯಿತು. ಹಾಗಾಗಿ ನಮ್ಮ ಮನೆಯಲ್ಲಿ ಅವರು ಮಾತಾಡುತ್ತಾರೆ, ನಾನು ಟೈಪ್ ಮಾಡುತ್ತೇನೆ. ಸಂಸಾರ ನಡೆದದ್ದೇ ಹೀಗೆ.

ಅವರು ಗಜೇಂದ್ರಗಡದಲ್ಲಿ ಸೀರೆ ನೇಯುವವರು. ನಾನು ನರಗುಂದದ ಮಗಳು, ಟೈಪಿಂಗ್ ಸೀನಿಯರ್ ಪಾಸು. ನರಗುಂದದ ನಮ್ಮ ಮಾಸ್ತರು ಕೀಗಳ ಮೇಲೆ ಟವೆಲ್ ಹಾಸಿ, ಅದರ ಕೆಳಗೆ ಕೈ ಹಾಕಿಸಿ ಕಲಿಸಿದರು. "ಕಣ್ಣ ಕಾಗದದ ಮ್ಯಾಲೆ ಇರ್ಲಿ. ಬೆರಳ ನೋಡಾಕಿ ಟೈಪಿಸ್ಟ್ ಅಲ್ಲ" ಎನ್ನುತ್ತಿದ್ದರು. ಇನ್ನೊಂದು ಪಾಠವನ್ನೂ ಕಲಿಸಿದರು: ಒಂದು ತಪ್ಪಿದ್ದರೂ ಹಾಳೆಯನ್ನು ಯಾರ ಕೈಗೂ ಕೊಡಬಾರದು, ಬದಿಗಿಟ್ಟು ಹೊಸದು ಹೊಡೆಯಬೇಕು. ಮೊದಲನೆಯ ಪಾಠದಿಂದ ಹೊಟ್ಟೆ ತುಂಬಿತು. ಎರಡನೆಯದು ಏನು ಮಾಡಿತೆಂದು ಮುಂದೆ ಹೇಳುತ್ತೇನೆ.

ರೋಣದ ಕಚೇರಿಯೊಂದರ ಎದುರು ಬೇವಿನ ಗಿಡದ ಕೆಳಗೆ ಮೇಜು ಹಾಕಿಕೊಂಡು ಊರವರ ಅರ್ಜಿಗಳನ್ನು ಹೊಡೆದುಕೊಟ್ಟವಳು ನಾನು. ಹೊಳೆಮಣ್ಣೂರಿನವರು ನೆರೆ ಬಂದಾಗಲೆಲ್ಲ ಬರುತ್ತಿದ್ದರು. ಅವರು ಅಳುತ್ತ ಹೇಳುತ್ತಿದ್ದರೆ ಅವರ ಮುಖ ನೋಡುತ್ತಲೇ ಹೊಡೆಯುತ್ತಿದ್ದೆ, ಅಳು ನಿಲ್ಲುವಷ್ಟರಲ್ಲಿ ಅರ್ಜಿ ಮುಗಿದಿರುತ್ತಿತ್ತು. ನನ್ನ ವೇಗದ ಬಗ್ಗೆ ನನಗೆ ಸೊಕ್ಕಿತ್ತು. ಈಗಲೂ ಇದೆ, ಸುಳ್ಳು ಯಾಕೆ ಹೇಳಲಿ.

ಇವರ ಕಿವಿ ಹೋದ ಮೇಲೆ ಹಳೆಯ ಟೈಪಿಂಗ್ ಮಷೀನನ್ನು ಮನೆಗೆ ತಂದು ಮಗ್ಗದ ಪಕ್ಕದ ಮೇಜಿನ ಮೇಲಿಟ್ಟೆ. ಅವರು ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತ ಏನಾದರೂ ಅನ್ನುವುದು, ನಾನು ಟಕಟಕ ಹೊಡೆಯುವುದು, ಅವರು ಕತ್ತು ಚಾಚಿ ರೋಲರಿನ ಮೇಲಿನ ಸಾಲು ಓದುವುದು. ಮಾತಿಗೆ ಮಾತು ಬೆಳೆದು ಜಗಳವೂ ಆಗುತ್ತಿತ್ತು. ಅವರ ಮಾತು ಮುಗಿಯುವ ಮೊದಲೇ ನನ್ನ ಉತ್ತರ ಹಾಳೆಯ ಮೇಲೆ ಇರುತ್ತಿತ್ತು. "ಏ ಮಾರಾಯ್ತಿ, ನನಗರ ಮಾತ ಮುಗಸಾಕ ಬಿಡ" ಅನ್ನುತ್ತಿದ್ದರು. ಓದದಿದ್ದರೂ ಮೇಜಿನ ಮೇಲೆ ಕೈಯಿಟ್ಟು, ಅದು ನಡುಗುವುದರಿಂದಲೇ ನನ್ನ ಸಿಟ್ಟು ಎಷ್ಟೆಂದು ಹೇಳುತ್ತಿದ್ದರು. ತಪ್ಪು ಬಿದ್ದು ಬದಿಗಿಟ್ಟ ಅರ್ಜಿಗಳ ಖಾಲಿ ಹಿಂಬದಿಯ ಮೇಲೆ ನಾವಿಬ್ಬರೂ ಜಗಳವಾಡಿದ್ದು ಎಷ್ಟು ಹಾಳೆಯೋ! ಎಲ್ಲವೂ ಒಲೆಗೆ ಹೋದವು.

ಆಮೇಲೆ ಮಷೀನು ಕೆಟ್ಟಿತು. ಅಕ್ಷರ ಎತ್ತುವ ಕಡ್ಡಿಗಳು ಮುರಿದವು, ರಿಬ್ಬನ್ ಎಲ್ಲಿಯೂ ಸಿಗಲಿಲ್ಲ, ರಿಪೇರಿ ಮಾಡುವವರು ಕೈಮುಗಿದರು. ತಂಗಿಯ ಮಗಳು ಎರಡು ಸ್ಮಾರ್ಟ್‌ಫೋನು ತಂದು, "ದೊಡ್ಡವ್ವ, ಇನ್ನ ಕಾಗದ ಬ್ಯಾಡ, ರಿಬ್ಬನ್ ಬ್ಯಾಡ. ಇದರಾಗ ಬರಿ, ದೊಡ್ಡಪ್ಪ ಅಲ್ಲೇ ಓದ್ತಾನ" ಅಂದಳು. ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ಮಗ್ಗದ ಕಟ್ಟಿಗೆಗೆ ಒರಗಿಸಿಟ್ಟಳು. ಮಷೀನಿನ ಮೇಲೆ ಈಗ ಹಪ್ಪಳದ ಡಬ್ಬಿ ಕೂತಿದೆ.

ಗಾಜಿನ ಮೇಲೆ ಏನೂ ಇಲ್ಲ. ಬೆರಳಿಟ್ಟರೆ ಕೀ ಒಳಗೆ ಹೋಗುವುದಿಲ್ಲ, ಮೇಲೆ ಬರುವುದಿಲ್ಲ, ಒಂದರ ಅಂಚು ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಚರ್ಮಕ್ಕೆ ತಿಳಿಯುವುದಿಲ್ಲ. ಹತ್ತು ಬೆರಳಲ್ಲಿ ಎಂಟಕ್ಕೆ ಕೆಲಸವಿಲ್ಲ. ಮಷೀನಿನಲ್ಲಿ ಜಾಗ ಬಿಡುವುದಕ್ಕಷ್ಟೇ ಇದ್ದ ಹೆಬ್ಬೆರಳುಗಳು ಇಲ್ಲಿ ಯಜಮಾನರಾಗಿ ಕೂತವು. ಒಂದು ಅಕ್ಷರ ಒತ್ತಿದರೆ ಪಕ್ಕದ್ದು ಬರುತ್ತದೆ, ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ ಮಾತೇ ಹಳಸಿರುತ್ತದೆ. ತಪ್ಪಾದರೆ ಅಳಿಸುತ್ತೇನೆ. ಮತ್ತೆ ಹೊಡೆಯುತ್ತೇನೆ, ಮತ್ತೆ ತಪ್ಪು. ತಪ್ಪಿದ್ದ ಹಾಳೆ ಯಾರ ಕೈಗೂ ಕೊಟ್ಟವಳಲ್ಲ ನಾನು. ಕೊನೆಗೆ ಎಲ್ಲ ಅಳಿಸಿ "ಹೂಂ" ಎಂದು ಕಳಿಸುತ್ತೇನೆ.

ಫೋನಿಗೆ ಬಾಯಲ್ಲೇ ಹೇಳಿದರೆ ಅದೇ ಬರೆದುಕೊಳ್ಳುತ್ತದೆ ಎಂದೂ ತಂಗಿಯ ಮಗಳು ತೋರಿಸಿದಳು. ರೇಡಿಯೊದ ವಾರ್ತೆಯಂತೆ ಮಾತಾಡಿದರೆ ಬರೆದುಕೊಳ್ಳುತ್ತದೆ, ನಮ್ಮ ಕಡೆಯ ಮಾತಾಡಿದರೆ ಕಕ್ಕಾಬಿಕ್ಕಿಯಾಗುತ್ತದೆ. ವಾರ್ತೆಯ ಕನ್ನಡದಲ್ಲಿ ಗಂಡನನ್ನು ಬೈಯುವುದು ಹೇಗೆ? ಪೆನ್ನಿನಲ್ಲಿ ಬರೆಯೋಣವೆಂದರೆ ನನ್ನ ಕೈಬರಹ ನನಗೇ ಓದಲಾಗದು. ರೋಣದಲ್ಲಿ ಈಗ ಅರ್ಜಿ ಹೊಡೆಯಲು ನಾನು ಕೂರುವ ಅಂಗಡಿಯಲ್ಲಿ ಕಂಪ್ಯೂಟರ್ ಇದೆ, ಅದರ ಕೀಗಳ ಮೇಲೆ ಬೆರಳುಗಳು ಇನ್ನೂ ಓಡುತ್ತವೆ. ಆದರೆ ಜಗಳವನ್ನು ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಸ್ಸಿನಲ್ಲಿ ಮನೆಗೆ ತರಲಾಗುತ್ತದೆಯೇ?

ಹೀಗೆ ನಮ್ಮ ಮಾತು ನಿಂತಿತು. ಉಪ್ಪು, ನೀರು, ಊಟಕ್ಕೆ ಕೈಸನ್ನೆ ಸಾಕು. ಉಳಿದದ್ದು ಬೇಕೆಂದು ಯಾರೂ ಕೇಳಲಿಲ್ಲ. ನನಗೆ ದುಃಖವೇನೂ ಆಗಲಿಲ್ಲ. ಆಗಬೇಕಿತ್ತು, ಆಗಲಿಲ್ಲ. ಸಂಜೆ ಬಸ್ಸಿಳಿದು ಬರುವುದು, ರೊಟ್ಟಿ ಬಡಿಯುವುದು, ಮಲಗುವುದು. ಕೈ ಜೋಮು ಹಿಡಿದಾಗ ಚಿವುಟಿಕೊಂಡರೂ ತಿಳಿಯುವುದಿಲ್ಲವಲ್ಲ, ಒಳಗೆಲ್ಲ ಹಾಗೆಯೇ ಇತ್ತು.

ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ಅಂಗಡಿಯಲ್ಲಿ ನನಗೆ ಎದೆ ಹಿಡಿದಂತಾಯಿತು. ಹತ್ತಿರದ ದವಾಖಾನೆಗೆ ಹೋದೆ. ಎದೆಗೆ ತಂತಿ ಹಚ್ಚಿ ನೋಡಿದ ಡಾಕ್ಟರು, "ಏನಿಲ್ರೀ, ಗ್ಯಾಸ್. ಮಿರ್ಚಿ ಭಜಿ ಕಡಿಮಿ ಮಾಡ್ರಿ" ಅಂದರು. ಅಂದು ಬೆಳಿಗ್ಗೆ ತಿಂದದ್ದು ಅದೇ. ಮನೆಗೆ ಬಂದಾಗ ಚೀಲದಲ್ಲಿದ್ದ ದವಾಖಾನೆಯ ಇಂಗ್ಲಿಷ್ ಚೀಟಿ ಇವರ ಕಣ್ಣಿಗೆ ಬಿತ್ತು.

"ದವಾಖಾನಿಗೆ ಯಾಕ ಹೋಗಿದ್ದಿ?" ಅಂದರು.

ಫೋನು ತೆಗೆದುಕೊಂಡೆ. ಎಲ್ಲವನ್ನೂ ಹೇಳಬೇಕೆಂದಿತ್ತು: ಸಾಲಿನಲ್ಲಿ ನನ್ನ ಮುಂದಿದ್ದ ಮುದುಕಿ, ತಂತಿಗಳು, ಭಜಿಯ ಮಾತು. ಮಷೀನು ಇದ್ದಿದ್ದರೆ ಎರಡು ನಿಮಿಷದ ಕೆಲಸ, ಇಬ್ಬರೂ ನಕ್ಕು ಬಿಡುತ್ತಿದ್ದೆವು. ಹೊಡೆದೆ, ತಪ್ಪಾಯಿತು, ಅಳಿಸಿದೆ. ಮತ್ತೆ ಮೊದಲಿನಿಂದ ಹೊಡೆದೆ. ಒಲೆಯ ಮೇಲೆ ಬೇಳೆ ಉಕ್ಕಿತು. ತಲೆ ಕೆಟ್ಟು ಎಲ್ಲ ಅಳಿಸಿ "ಏನಿಲ್ಲ" ಎಂದು ಕಳಿಸಿ ಎದ್ದೆ.

ಅವರು ಅದನ್ನು ಓದಿ ಫೋನನ್ನು ಮತ್ತೆ ಮಗ್ಗದ ಕಟ್ಟಿಗೆಗೆ ಒರಗಿಸಿಟ್ಟರು. ಮತ್ತೆ ಕೇಳಲಿಲ್ಲ.

ಆಮೇಲಿಂದ ಅವರು ಮೆತ್ತಗಾದರು. ನಳದ ನೀರನ್ನು ತಾವೇ ಹೊತ್ತು ತಂದರು. ಸಾರಿಗೆ ಉಪ್ಪಿಲ್ಲದಿದ್ದರೂ ಉಂಡೆದ್ದರು. ಜಗಳ ತೆಗೆಯಲಿಲ್ಲ. ನಾನೇ ಒಂದೆರಡು ಸಲ ಬೇಕೆಂದೇ ಪಾತ್ರೆ ಕುಕ್ಕಿದೆ, ಕಿವುಡನ ಮುಂದೆ ಪಾತ್ರೆ ಕುಕ್ಕಿ ಏನು ಪ್ರಯೋಜನ! ಇವರಿಗೂ ನನ್ನಂತೆಯೇ ಎಲ್ಲ ಸಾಕಾಗಿದೆ ಅಂದುಕೊಂಡೆ. ಹಾಗೆಯೇ ಒಂದು ವರ್ಷ ಹೋಯಿತು.

ಚಳಿ ಶುರುವಾದ ಒಂದು ರವಿವಾರ ಕೌದಿ ತೆಗೆಯಲು ಟ್ರಂಕು ಬಿಚ್ಚಿದೆ. ತಳದಲ್ಲಿ ಹಳೆಯ ಧೋತರದಲ್ಲಿ ಸುತ್ತಿದ ಗಂಟು ಇತ್ತು. ಬಿಚ್ಚಿದರೆ ಹಸಿರು ಸೀರೆ, ಕೆಂಪು ಅಂಚು. ಮೇಲೆ ಒಂದು ಡಜನ್ ಹಸಿರು ಬಳೆ, ಅರಿಸಿನ ಕುಂಕುಮದ ಪೊಟ್ಟಣ.

ಮೊದಲು ನಾನು ಮಾಡಿದ್ದು ತಪ್ಪು ಹುಡುಕುವ ಕೆಲಸ. ನೇಕಾರನ ಹೆಂಡತಿ ಉಡುವುದು ಎಳೆ ತಪ್ಪಿದ ಸೀರೆಯನ್ನು, ನೂಲು ಕೊಟ್ಟು ನೇಯಿಸುವ ಸಾಹುಕಾರರು ಬೇಡವೆಂದು ಹಿಂದಕ್ಕೆ ಕಳಿಸಿದ್ದನ್ನು. ಚಲೋ ಸೀರೆ ಮನೆಯಲ್ಲಿ ಉಳಿಯುವ ವಸ್ತುವಲ್ಲ. ಅಂಚು ಹಿಡಿದು ಸೆರಗಿನವರೆಗೂ ನೋಡಿದೆ. ಒಂದು ಎಳೆಯೂ ತಪ್ಪಿರಲಿಲ್ಲ. ಆಮೇಲೆ ಬಳೆ ನೋಡಿದೆ, ಪೊಟ್ಟಣ ನೋಡಿದೆ, ಆಗ ತಿಳಿಯಿತು. ಮುತ್ತೈದೆ ಸತ್ತರೆ ಹೊದಿಸುವ ಸೀರೆ ಅದು. ತವರಿನವರು ತರಬೇಕಾದದ್ದು. ನರಗುಂದದಲ್ಲಿ ನನ್ನವರು ಅಂತ ಈಗ ಯಾರೂ ಉಳಿದಿಲ್ಲ. ತಂಗಿಯೂ ಹೋಗಿ ಆರು ವರ್ಷವಾಯಿತು.

ಹೆದರಿಕೆಯಾಗಲಿಲ್ಲ. ನನ್ನದೇ ಹೆಣದ ಸೀರೆಯನ್ನು ಕೈಯಲ್ಲಿ ಹಿಡಿದು, ಹಸಿರು ಬಣ್ಣ ಚೆನ್ನಾಗಿ ಹಿಡಿದಿದೆ ಅಂತ ಯೋಚಿಸುತ್ತ ನಿಂತಿದ್ದೆ. ನನ್ನ ಬಗ್ಗೆ ನನಗೇ ನಾಚಿಕೆಯಾದದ್ದು ಆಗಲೇ.

ಗಂಟನ್ನು ಒಯ್ದು ಅವರ ಮಗ್ಗದ ಮೇಲಿಟ್ಟೆ. ಓಡುತ್ತಿದ್ದ ಲಾಳಿ ನಿಂತಿತು. ಯಾರಿಗೆ ಎಂದು ಕೈಸನ್ನೆ ಮಾಡಿ, ನನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದೆ.

ಅವರು ತಲೆ ಎತ್ತಲಿಲ್ಲ. "ನೀ ಹೇಳವಲ್ಲಿ" ಅಂದರು. "ದಿನಾ ನೋಡ್ತೀನಿ. ಫೋನಿನ್ಯಾಗ ಟೈಪ್ ಮಾಡಾಕತ್ತಾರ ಅಂತ ಬರ್ತೈತಿ, ಹೋಗ್ತೈತಿ. ಮತ್ತ ಬರ್ತೈತಿ, ಮತ್ತ ಹೋಗ್ತೈತಿ. ಬರದ ಬರದ ಅಳಸ್ತಿ. ಆ ದವಾಖಾನಿ ದಿನಾನೂ ಹಂಗ ಆತು, ಆಮ್ಯಾಲೆ 'ಏನಿಲ್ಲ' ಅಂದಿ. ಮಷೀನಿನ್ಯಾಗ ಹೊಡದದ್ದು ಅಳಸಾಕ ಬರ್ತಿದ್ದಿಲ್ಲ. ಏನರ ಇರ್ಲಿ, ಕಣ್ಣಿಗೆ ಕಾಣ್ತಿತ್ತು."

ಗಂಟಿನ ಮೇಲೆ ಕೈಯಿಟ್ಟು, "ಡಾಕ್ಟರ ಎಷ್ಟ ದಿನಾ ಅಂದಾರ?" ಅಂತ ಕೇಳಿದರು.

ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಏನು ಕೂಗಿದೆನೋ, ಅವರಿಗಂತೂ ಕೇಳಿಸಲಿಲ್ಲ. ಫೋನು ತೆಗೆದುಕೊಂಡೆ. ಈ ಸಲ ಗಾಜನ್ನು ನೋಡಲಿಲ್ಲ. ಅವರ ಮುಖ ನೋಡುತ್ತ, ಹೊಳೆಮಣ್ಣೂರಿನವರ ಅರ್ಜಿ ಹೊಡೆದ ಹಾಗೆ, ಎರಡು ಹೆಬ್ಬೆರಳಿನಲ್ಲಿ ಹೊಡೆದೆ. ಮುದುಕಿಯಿಂದ ಭಜಿಯವರೆಗೆ, ನನ್ನ ಹೆಬ್ಬೆರಳಿನ ಗೋಳು, ಗಾಜಿನ ಮೇಲಿನ ಸಿಟ್ಟು, ಎಲ್ಲ. ಬಂದದ್ದು ಬರಲಿ ಎಂದು ಒಂದಕ್ಷರವನ್ನೂ ಅಳಿಸದೆ ಕಳಿಸಿಬಿಟ್ಟೆ. ಜೀವನದಲ್ಲಿ ಮೊದಲ ಸಲ ತಪ್ಪಿದ್ದ ಹಾಳೆ ಕೊಟ್ಟೆ, ಅದೂ ಸಾಲು ಸಾಲಿಗೂ ತಪ್ಪಿದ್ದದ್ದು.

ಅವರು ಗಟ್ಟಿಯಾಗಿ ಓದಿದರು, ಕಡಿದ ಎಳೆಗಳಿಗೆ ಗಂಟು ಹಾಕುವವರ ಹಾಗೆ ನಿಧಾನವಾಗಿ, ಒಂದೊಂದೇ ಮಾತು ಕೂಡಿಸಿಕೊಂಡು. ಡಾಕ್ಟರ ಮಾತಿನ ಹತ್ತಿರ ನಿಂತರು.

"ಗ್ಯಾಸ್?"

ತಲೆಯಾಡಿಸಿದೆ.

"ಒಂದ ಗ್ಯಾಸಿಗೆ ಒಂದ ಸೀರಿ ನೇಯ್ದನೇನ ನಾ!" ಎಂದು ಹಣೆ ಬಡಿದುಕೊಂಡರು. ನಕ್ಕರು. ನಗುತ್ತ ಹೋದವರು ಕೊನೆಗೆ ಹೆಗಲ ಮೇಲಿನ ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡರು. ನಾನು ಪಕ್ಕದಲ್ಲಿ ಕೂತೆ. ಒಳಗೆ ಎಲ್ಲೋ ಒಂದು ಕಡೆ ಚುರ್ ಎಂದಿತು, ಜೋಮು ಬಿಡುವಾಗ ಮೊದಲು ನೋಯುತ್ತದಲ್ಲ, ಹಾಗೆ.

ಸೀರೆಯನ್ನು ಸಾಹುಕಾರರಿಗೆ ಕೊಟ್ಟುಬಿಡೋಣ, ಮನೆಯಲ್ಲಿ ಇಡುವುದು ಬೇಡ ಅಂದರು. ನಾನು ಕೊಡಲಿಲ್ಲ. ಮರುದಿನ ಅದನ್ನೇ ಉಟ್ಟು, ಹಸಿರು ಬಳೆ ತೊಟ್ಟು ರೋಣದ ಬಸ್ಸು ಹತ್ತಿದೆ. ಹೊಸ ಸೀರೆ ಬಿಗಿಯಾಗಿತ್ತು, ನಡೆದರೆ ಸಪ್ಪಳವಾಗುತ್ತಿತ್ತು.

ಪಕ್ಕದಲ್ಲಿ ಕೂತ ಹೆಣ್ಣುಮಗಳು ಅಂಚನ್ನು ಬೆರಳಲ್ಲಿ ಹಿಡಿದು ನೋಡಿ, "ಭಾಳ ಚಲೋ ಐತ್ರೀ ಅಕ್ಕಾರ, ಯಾರ ಕೊಟ್ಟಾರ?" ಅಂತ ಕೇಳಿದಳು.

"ತವರ ಸೀರಿ ಇದು" ಅಂದೆ.