ಅತ್ತೆಯ ಮಗ್ಗ, ನನ್ನ ಕುರ್ಚಿ

ನನಗೆ ಬೆನ್ನು ನೋವಿದೆ ಎಂದು ಒಪ್ಪಿಕೊಳ್ಳಲು ಎರಡು ವರ್ಷ ಹಿಡಿಯಿತು. ಸುದ್ದಿಮನೆಯಲ್ಲಿ ಇಪ್ಪತ್ತಾರು ವರ್ಷ ಕಳೆದವನಿಗೆ ಎರಡು ಮೂಲಗಳಿಂದ ಖಚಿತವಾಗದೆ ಯಾವುದನ್ನೂ ನಂಬುವ ಅಭ್ಯಾಸವಿರುವುದಿಲ್ಲ. ಮೊದಲ ಮೂಲ ನನ್ನ ಸೊಂಟವೇ. ಪ್ರಕರಣದಲ್ಲಿ ಅದಕ್ಕೆ ಸ್ವಂತ ಹಿತಾಸಕ್ತಿ ಇದ್ದುದರಿಂದ ಅದರ ಮಾತು ಬದಿಗಿಟ್ಟೆ. ಎರಡನೆಯದು ಹೆಂಡತಿ. ನಾನು ಕುರ್ಚಿಯಿಂದ ಏಳುವಾಗ ಹೊರಡುವ ಸದ್ದು ಅಡುಗೆಮನೆಯವರೆಗೆ ಕೇಳಿಸುತ್ತದೆ ಎಂದಳು. ಇನ್ನು ಸುದ್ದಿ ತಡೆಹಿಡಿಯುವಂತಿರಲಿಲ್ಲ.

ಗದಗಿನ ವೈದ್ಯರು ಬೆನ್ನು ಒತ್ತಿ ನೋಡಿ ಹೇಳಿದರು: "ಅರ್ಧ ತಾಸಿಗೊಮ್ಮೆ ಏಳ್ರಿ. ನಾಕ ಹೆಜ್ಜಿ ಅಡ್ಡಾಡ್ರಿ. ಕುಂತ ಕುಂತ ಹಾಳಾಗೈತಿ, ಎದ್ರ ಸುಧಾರಸತೈತಿ." ಗುಳಿಗೆ ಬರೆದಿದ್ದರೆ ನುಂಗಿಬಿಡುತ್ತಿದ್ದೆ. ಏಳುವುದನ್ನು ನುಂಗಲಾಗುವುದಿಲ್ಲ.

ಹಾಗಂತ ನಾನು ಹುಟ್ಟು ಸೋಮಾರಿಯಲ್ಲ. ಮೊದಲೆಲ್ಲ ಮುಂಡರಗಿಯಲ್ಲಿ ಸಭೆಯಿದ್ದರೆ ಬಸ್ಸು ಹಿಡಿದು ಹೋಗಬೇಕಿತ್ತು. ಬಂದು ಬರೆದದ್ದನ್ನು ಲಕೋಟೆಯಲ್ಲಿಟ್ಟು ನಿಲ್ದಾಣಕ್ಕೆ ನಡೆದು, ಪತ್ರಿಕೆ ಅಚ್ಚಾಗುವ ಹುಬ್ಬಳ್ಳಿಯ ಬಸ್ಸಿನ ಕಂಡಕ್ಟರನ್ನು ಹುಡುಕಿ ಕೈಗೆ ಕೊಡಬೇಕಿತ್ತು. ಬಸ್ಸು ಹೊರಟಿದ್ದರೆ ಓಡಲೂಬೇಕಿತ್ತು. ಇದೆಲ್ಲ ಬೆನ್ನಿಗೆ ಒಳ್ಳೆಯದೆಂದು ಆಗ ಯಾರೂ ಹೇಳಲಿಲ್ಲ. ಹೇಳಿದ್ದರೆ ಅಂದೇ ಬಿಡುತ್ತಿದ್ದೆನೇನೋ. ಈಗ ಶಿರಹಟ್ಟಿಯ ಸುದ್ದಿಯೂ ಲಕ್ಷ್ಮೇಶ್ವರದ ಚಿತ್ರವೂ ನನ್ನ ಅಂಗೈಗೇ ಬರುತ್ತವೆ. ಸುದ್ದಿ ಊರೂರು ತಿರುಗುತ್ತದೆ, ನಾನು ಕುಳಿತಿರುತ್ತೇನೆ.

ಇಂಥವನನ್ನು ಬೇರೊಬ್ಬರ ಬೆನ್ನಿನ ವಿಷಯದಲ್ಲಿ ರಾಯಭಾರಕ್ಕೆ ಕರೆದರು. ನಮ್ಮೂರು ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿರುವ ನೀಲವ್ವ ನಮ್ಮಪ್ಪನ ತಂಗಿ, ನನ್ನ ಸೋದರತ್ತೆ. ಅರವತ್ತೆಂಟು ದಾಟಿದರೂ ದಿನವೂ ಕುಣಿಮಗ್ಗಕ್ಕೆ ಇಳಿಯುತ್ತಾಳೆ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಅದರ ಅಂಚಿನಲ್ಲಿ ಕುಳಿತು ನೇಯುವ ಮಗ್ಗ ಅದು. ಅವಳ ಸೊಂಟವೂ ಹಿಡಿದಿತ್ತು. ಮಗ ಈರಣ್ಣ ಕುಣಿ ಮುಚ್ಚಿಸಿ ಮೇಲೆ ಟೈಲ್ಸ್ ಹಾಕಿಸುವುದೆಂದು ತೀರ್ಮಾನಿಸಿ ನನಗೆ ಫೋನು ಮಾಡಿದ: "ಅಣ್ಣಾ, ನೀ ಪೇಪರಿನ್ಯಾವ. ನೀ ಹೇಳಿದ್ರ ಕೇಳ್ತಾಳ."

ಹೋದೆ. ಅತ್ತೆ ಲಾಳಿ ಎಸೆಯುವುದನ್ನು ನಿಲ್ಲಿಸದೆ, "ಬಾ ತಮ್ಮಾ, ಕುಂಡ್ರು" ಎಂದಳು. ನೆಲದ ಮೇಲೆ ಅವಳೆದುರು ಕುಳಿತು, ಬಹಳ ಹೊತ್ತು ಕೂರುವುದರ ಕೇಡುಗಳನ್ನು ಒಂದೊಂದಾಗಿ ವಿವರಿಸಿದೆ. ವರದಿ ಸಮತೋಲನದಿಂದ ಕೂಡಿತ್ತು. ಅವಳು ಪೂರ್ತಿ ಕೇಳಿಸಿಕೊಂಡು, "ಎಲ್ಲಾ ಖರೆ ಐತಿ. ಈಗ ನೀ ಎದ್ದು ತೋರಸು" ಎಂದಳು.

ಏಳಲಾಗಲಿಲ್ಲ. ಗೋಡೆ ದೂರವಿತ್ತು. ಮೊಣಕಾಲೂರಿ ಒಂದು ಪ್ರಯತ್ನ ಮಾಡಿ ಮತ್ತೆ ಕುಳಿತೆ. ಅತ್ತೆ ನಕ್ಕು, ಮಗ್ಗದ ಕಂಬ ಹಿಡಿದು ಮೇಲೆ ಬಂದು ಕೈಕೊಟ್ಟಳು. ಇಬ್ಬರೂ ಒಟ್ಟಿಗೆ ನರಳಿ ನಿಂತೆವು.

"ಮಗ್ಗಕ್ಕ ಯಾಕ ಬೈತೀರಿ?" ಎಂದಳು ಆಮೇಲೆ. "ಮೊದಲ ಓಣಿ ತುಂಬ ಉದ್ದನೂಲಿನ ಹಾಸು ಹಾಕತಿದ್ವಿ. ನೂಲು ಹಿಡದು ಈ ತುದಿಂದ ಆ ತುದಿಗೆ ಮುಂಜಾನೆಲ್ಲಾ ಅಡ್ಡಾಡೋದು. ಈಗ ಹಾಸು ಸುತ್ತಿಗೊಂಡ ಮನಿಗೆ ಬರತೈತಿ. ಅಡ್ಡಾಡೂ ಕೆಲಸ ಹೋತು, ಕುಂಡ್ರೂ ಕೆಲಸ ಉಳೀತು. ಕುಣಿ ಮುಚ್ಚಿದ್ರ ನಾ ಏನ್ ಮಾಡ್ಲೋ? ಟೈಲ್ಸ್ ಒರಸ್ಲೇನು?"

ಕಡೆಯ ಮಾತಿಗೆ ಧ್ವನಿ ತಗ್ಗಿತು. ದೀಪಾವಳಿಯವರೆಗೆ ಕಾಯುವಂತೆ ಈರಣ್ಣನನ್ನು ಒಪ್ಪಿಸಿ, ಅತ್ತೆಯೊಂದಿಗೆ ಒಂದು ಒಪ್ಪಂದ ಮಾಡಿದೆ. ಅತ್ತೆಯ ಫೋನು ಬಾಗಿಲ ಬಳಿಯ ಗೂಡಿನಲ್ಲಿರಬೇಕು. ನಾನು ಕಚೇರಿಯಲ್ಲಿ ಎದ್ದು ನಿಂತು, ಅರ್ಧ ತಾಸಿಗೊಮ್ಮೆ ಫೋನು ಮಾಡಬೇಕು. ಅವಳು ಕುಣಿಯಿಂದೆದ್ದು ಹೋಗಿ ಎತ್ತಬೇಕು. ಒಂದೇ ಕರೆಗೆ ಎರಡು ಬೆನ್ನು.

ಮೂರು ವಾರ ಇದು ನಡೆಯಿತು. "ಎದ್ದೀಯೇನ್ ಅತ್ತಿ?" "ಎದ್ದೀನೋ. ನೀ?" "ಎದ್ದೀನಿ." ಒಂದು ಮಧ್ಯಾಹ್ನ ಬೆಟಗೇರಿಯ ಕಡೆ ಕೆಲಸವಿತ್ತು, ಹೇಳದೆ ಅವಳ ಮನೆಗೆ ಹೋದೆ. ಫೋನು ಮಗ್ಗದ ಕಂಬಕ್ಕೆ ಕಟ್ಟಿದ ಕೈಚೀಲದಲ್ಲಿ, ಅವಳ ಕಿವಿಯ ಮಟ್ಟದಲ್ಲಿ ತೂಗಾಡುತ್ತಿತ್ತು.

"ಅತ್ತೀ, ಇದೇನ?"

ಅವಳು ತಡವರಿಸಲಿಲ್ಲ. "ನೀ ಮಾತಾಡುವಾಗ ಕುರ್ಚಿ ಕಿರ್ ಅನ್ನೂದು ನನಗ ಕೇಳಸೂದಿಲ್ಲ ಅಂತ ತಿಳದೀಯೇನು?"

ವೃತ್ತಿಯಲ್ಲಿ ನಾನು ಅನೇಕರ ಸುಳ್ಳು ಹಿಡಿದಿದ್ದೇನೆ. ಹಿಡಿಯಲು ಹೋಗಿ ಸಿಕ್ಕಿಬಿದ್ದದ್ದು ಅದೇ ಮೊದಲು.

ಅಂದು ಅವಳು ಚಹಾ ಮಾಡಲು ಎದ್ದಳು. ನಾನು ಬೇಡವೆಂದೆ. ಬಾಗಿಲಿಗೆ ಬಂದವರನ್ನು ಚಹಾ ಇಲ್ಲದೆ ಕಳಿಸುವುದು ಆ ಓಣಿಯಲ್ಲಿ ಸಾಧ್ಯವಿಲ್ಲ. ಒಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಸಕ್ಕರೆ ಕೇಳಲು ಪಕ್ಕದ ಮನೆಗೆ ನಡೆದಾಡುತ್ತಲೇ ಇದ್ದಳು. ವೈದ್ಯರು ಹೇಳಿದ ನಾಲ್ಕು ಹೆಜ್ಜೆಗಿಂತ ಅದು ಎಷ್ಟೋ ಹೆಚ್ಚು. ಮರುದಿನದಿಂದ ಫೋನು ಬಿಟ್ಟು ನಡೆದೇ ಹೋಗತೊಡಗಿದೆ, ಕಚೇರಿಗೆ ಹೋಗುವ ಮುಂಚೊಮ್ಮೆ, ಊಟದ ಬಿಡುವಿನಲ್ಲೊಮ್ಮೆ. ದೀಪಾವಳಿ ಕಳೆಯಿತು. ಈರಣ್ಣ ಕುಣಿ ಮುಚ್ಚಲಿಲ್ಲ. ಅವ್ವ ಹಿಡಿದು ಏಳಲೆಂದು ಅಂಚಿಗೊಂದು ಕಬ್ಬಿಣದ ಹಿಡಿಕೆ ಹಾಕಿಸಿದ.

ನೋವು ಪೂರ್ತಿ ಹೋಗಿಲ್ಲ, ಇಬ್ಬರಿಗೂ. ಚಹಾ ಮುಗಿಸಿ ನಾನು ಏಳಹೊರಟರೆ ಅತ್ತೆ, "ಈಗರ ಬಂದೀ, ಕುಂಡ್ರೋ" ಎನ್ನುತ್ತಾಳೆ. ವೈದ್ಯರ ಮಾತು ನೆನಪಿದ್ದೂ ಕುಳಿತುಕೊಳ್ಳುತ್ತೇನೆ. ನಾನು ಅಲ್ಲಿ ಕುಳಿತಿರುವಷ್ಟು ಹೊತ್ತು ಅವಳು ಮಗ್ಗಕ್ಕೆ ಇಳಿಯುವುದಿಲ್ಲ.