ಪೆಟ್ಟಿಗೆ ತೂಗಿದ ಶುಕ್ರವಾರ

ಕಳೆದ ವಾರ ಕ್ಲಿನಿಕ್ಕಿನಲ್ಲಿ ನರ್ಸ್ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಲು ಹೇಳಿದಳು. ಚಪ್ಪಲಿ ಬಿಟ್ಟೆ. ಬೀಗದ ಕೈ, ಫೋನು, ಕನ್ನಡಕದ ಡಬ್ಬಿ ಎಲ್ಲವನ್ನೂ ಬೆಂಚಿನ ಮೇಲಿಟ್ಟೆ. ಅಂಗಿಯ ಕಿಸೆಯ ಪೆನ್ನನ್ನೂ ತೆಗೆದಿಟ್ಟೆ. “ಪೆನ್ನಿಗೆ ಎಂತ ತೂಕ ಉಂಟು ಸಾರ್?” ಎಂದು ಅವಳು ನಕ್ಕಳು. “ಊಟ ಆಗಿದೆ, ಅದನ್ನೂ ಬರ್ಕೊಳ್ಳಿ” ಎಂದೆ. ಮತ್ತೂ ಜೋರಾಗಿ ನಕ್ಕಳು. ನನ್ನ ಸುತ್ತಳತೆಯ ಗಂಡಸು ಒಂದು ಪೆನ್ನಿನ ತೂಕಕ್ಕೆ ಚಿಂತಿಸುವುದನ್ನು ಕಂಡರೆ ಯಾರಿಗಾದರೂ ನಗು ಬರಬೇಕಾದದ್ದೇ. ಕಾರಣವನ್ನು ನಿಮಗೆ ಹೇಳುತ್ತೇನೆ. ಅದಕ್ಕೆ ಸ್ವಲ್ಪ ಸುತ್ತು ದಾರಿ ಹಿಡಿಯಬೇಕು.

ಹೋದ ವರ್ಷ ಮಂಜೇಶ್ವರದ ನಮ್ಮ ಗ್ರಂಥಾಲಯದವರು ಸೇರಿ ಒಂದು ಸಿನಿಮಾ ಮಾಡಿದರು. ಸಿನಿಮಾ ಎಂದರೆ ದೊಡ್ಡ ಮಾತಾಯಿತು. ಕತೆ ಬರೆದು ಎಲ್ಲವನ್ನೂ ನಡೆಸಿದವರು ಸವಿತಾ ಟೀಚರು. ಕ್ಯಾಮರಾ ಅವರ ತಮ್ಮನದು, ಮದುವೆಗಳಿಗೆ ಹೋಗುವಂಥದು. ಹಾಗಾಗಿ ಮದುವೆ ಇಲ್ಲದ ಭಾನುವಾರಗಳಲ್ಲಿ ಮಾತ್ರ ಶೂಟಿಂಗ್. ವಿಷಯ, ಆ ವಿಮಾನ. ದುಬೈಯಿಂದ ಹೊರಟು ಬೆಳಗ್ಗೆ ಮಂಗಳೂರಿನಲ್ಲಿ ಇಳಿಯುವಾಗ ಕಣಿವೆಗೆ ಬಿದ್ದು ಉರಿದುಹೋದ ವಿಮಾನ. ದೇಶದ ಪತ್ರಿಕೆಗಳಲ್ಲೆಲ್ಲ ಹಲವು ದಿನ ಅದೇ ಸುದ್ದಿ ಇತ್ತು. ನಮ್ಮ ಕಡೆ ಕೆಲವು ಮನೆಗಳಲ್ಲಿ ಅದು ಈಗಲೂ ಹಳೆಯ ಸುದ್ದಿಯಾಗಿಲ್ಲ.

ಟೀಚರ ಸಿನಿಮಾದಲ್ಲಿ ವಿಮಾನವೇ ಇಲ್ಲ. “ವಿಮಾನ ತೋರಿಸ್ಲಿಕ್ಕೆ ನಮ್ಮ ಹತ್ರ ಎಂತ ಉಂಟು? ಹಿಂದಿನ ದಿನ ಶುಕ್ರವಾರ, ರಜೆ. ಅವತ್ತು ಅವರು ಬಟ್ಟೆ ಒಗೆದಿದ್ದಾರೆ, ಪೆಟ್ಟಿಗೆ ಕಟ್ಟಿದ್ದಾರೆ. ಅಷ್ಟು ತೋರಿಸುವ” ಎಂದರು ಅವರು. ದುಬೈಯ ಒಂದು ಕೋಣೆ, ಅದರಲ್ಲಿ ನಾಲ್ಕು ಮಂದಿ, ಒಂದು ಹಗಲು. ಕಟ್ಟಿದ ಬೀಡಿ ತಂದುಕೊಡುತ್ತಿದ್ದ, ಈಗ ಮುಚ್ಚಿಹೋದ ಬೀಡಿ ಬ್ರಾಂಚಿನ ಕೋಣೆಯನ್ನೇ ದುಬೈ ಮಾಡಿದರು. ಕಿಟಕಿಯಲ್ಲಿ ತೆಂಗಿನ ಗರಿ ಕಾಣುತ್ತಿತ್ತು, ಅದಕ್ಕೆ ಬೆಡ್‌ಶೀಟು ಹೊಡೆದರು. ಒಳಗೆ ಏನೂ ಇಲ್ಲದ ಹಳೆಯ ಏಸಿಯ ಗೂಡೊಂದನ್ನು ಗೋಡೆಗೆ ಸಿಕ್ಕಿಸಿದರು. ಆ ಏಸಿಯ ಕೆಳಗೆ ಎಲ್ಲರೂ ಬೆವರುತ್ತಾ ಚಳಿಯ ನಟನೆ ಮಾಡಬೇಕು.

ನಾನು ಅಂಥ ಕೋಣೆಯಲ್ಲಿ ಹನ್ನೊಂದು ವರ್ಷ ಇದ್ದವನು. ಅದಕ್ಕೇ ನನ್ನನ್ನು ಸಲಹೆಗಾರ ಎಂದರು. ನನ್ನ ಮುಖವನ್ನು ಕ್ಯಾಮರಾದಿಂದ ದೂರ ಇಡಲಿಕ್ಕೂ ಆ ಪದವಿ ಅನುಕೂಲವಾಯಿತು. ಪೆಟ್ಟಿಗೆ ಕಟ್ಟುವ ಕ್ರಮ ಕಲಿಸುವುದೇ ನನ್ನ ಕೆಲಸ.

ಗಲ್ಫಿನಿಂದ ಊರಿಗೆ ಹೊರಟವನು ಕೋಣೆಯವರಿಗೆಲ್ಲ ಅಂಚೆಯವನಿದ್ದ ಹಾಗೆ. ಒಬ್ಬ ತಾಯಿಗೆ ಒಂದು ಪೊಟ್ಟಣ ಕೊಡುತ್ತಾನೆ, ಇನ್ನೊಬ್ಬ ಮಗುವಿಗೆ ಒಂದು ಡಬ್ಬಿ. ಆಗುವುದಿಲ್ಲ ಎನ್ನುವಂತಿಲ್ಲ, ನಾಳೆ ನಮ್ಮ ಪೊಟ್ಟಣವನ್ನೂ ಯಾರಾದರೂ ಒಯ್ಯಬೇಕಲ್ಲ. ಕಷ್ಟ ಇರುವುದು ತೂಕದಲ್ಲಿ. ದೊಡ್ಡ ರಟ್ಟಿನ ಪೆಟ್ಟಿಗೆ ನಮ್ಮ ಸಣ್ಣ ತೂಕದ ಯಂತ್ರದ ಮೇಲೆ ಕೂರದು, ಕೂತರೂ ಅಂಕೆ ಕಾಣದು. ಹಾಗಾಗಿ ಮೊದಲು ಮನುಷ್ಯ ಒಬ್ಬನೇ ನಿಲ್ಲಬೇಕು, ಆಮೇಲೆ ಪೆಟ್ಟಿಗೆ ಎತ್ತಿಕೊಂಡು ನಿಲ್ಲಬೇಕು, ಎರಡನೆಯದರಿಂದ ಮೊದಲನೆಯದನ್ನು ಕಳೆಯಬೇಕು. ನಮ್ಮ ಕೋಣೆಯಲ್ಲಿ ಈ ಕೆಲಸಕ್ಕೆ ಹಮೀದಿಚ್ಚ ಖಾಯಂ. ‘ಇಚ್ಚ’ ಎಂದರೆ ಅಣ್ಣ. ನನ್ನ ಮಂಚದ ಕೆಳಗಿನ ಮಂಚ ಅವರದು, ಮಂಜೇಶ್ವರದವರೇ. “ನಾನು ಅರವತ್ತೆಂಟು, ಕಣ್ಣು ಮುಚ್ಚಿ ಕಳೀರಿ” ಎನ್ನುತ್ತಿದ್ದರು. ಬೆಳಗ್ಗೆ ಸ್ನಾನ ಮುಗಿಸಿ, ಸೊಂಟಕ್ಕೆ ಬೈರಾಸು ಮಾತ್ರ ಸುತ್ತಿಕೊಂಡು ನಿಂತಾಗ ಅವರು ನಿಜಕ್ಕೂ ಅರವತ್ತೆಂಟು.

ಆ ಶುಕ್ರವಾರ ಪೆಟ್ಟಿಗೆ ಅವರದೇ. ಮಸೀದಿಯಿಂದ ಬಂದು, ಬಿರಿಯಾನಿ ಉಂಡು, ಊರಿಗೆ ಹೊರಡುವ ಬಟ್ಟೆ ಬೂಟು ಹಾಕಿ, ಪೆಟ್ಟಿಗೆ ಎತ್ತಿ ನಿಂತರು. ಅರವತ್ತೆಂಟು ಕಳೆದೆವು. ವಿಮಾನದವರು ಬಿಡುವ ತೂಕಕ್ಕಿಂತ ಒಂದೂವರೆ ಕಿಲೋ ಹೆಚ್ಚು ಬಂತು. ಒಳಗೆ ನನ್ನ ಅಮ್ಮನಿಗೆ ಕಳಿಸಿದ ಪೊಟ್ಟಣ ಇತ್ತು: ಟಾರ್ಚು, ಖರ್ಜೂರ, ಕಾಲುನೋವಿನ ಎಣ್ಣೆ. ಅವರ ಹೆಂಡತಿ ನಫೀಸಕ್ಕ ಎರಡು ವರ್ಷದಿಂದ ಕೇಳುತ್ತಿದ್ದ ಬ್ಲ್ಯಾಂಕೆಟ್ಟೂ ಇತ್ತು. ಹಮೀದಿಚ್ಚ ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಅವರು ಬ್ಲ್ಯಾಂಕೆಟ್ ಹೊರಗೆ ತೆಗೆದರು, ತೆಗೆದು ಮನೆಗೆ ಫೋನು ಮಾಡಿದರು. ಆಚೆಯಿಂದ ನಫೀಸಕ್ಕನ ಸ್ವರ ನನಗೂ ಕೇಳಿತು. “ಊರಿನವರ ಪೊಟ್ಟಣಕ್ಕೆಲ್ಲ ಜಾಗ ಉಂಟು, ನನ್ನದಕ್ಕೆ ಮಾತ್ರ ಇಲ್ಲ ಅಲ್ವಾ? ನೀವು ಅವರ ಮನೆಗೇ ಹೋಗಿ ಇಳೀರಿ!” ಫೋನು ಕಟ್ಟಾಯಿತು.

ಅವರು ಫೋನನ್ನು ಕಿಸೆಗೆ ಹಾಕಿ ಮಂಚದ ಮೇಲೆ ಕುಳಿತರು. ಮತ್ತೆ ಎದ್ದು ಪೆಟ್ಟಿಗೆ ಬಿಚ್ಚಿ, ನನ್ನ ಪೊಟ್ಟಣವನ್ನು ನನ್ನ ಮಂಚದ ಮೇಲಿಟ್ಟು, ಬ್ಲ್ಯಾಂಕೆಟ್ ಒಳಗೆ ತುರುಕಿದರು. ಹಗ್ಗ ಬಿಗಿಯುತ್ತಾ, “ಈಗ ಹೇಳುವುದಿಲ್ಲ. ನಾಳೆ ಅವಳೇ ಹಗ್ಗ ಕತ್ತರಿಸಲಿ, ಆಗ ಅವಳ ಮುಖ ನೋಡ್ಬೇಕು” ಎಂದರು. ನನಗೆ ಹೇಳಿದ್ದೇ ಇರಬೇಕು, ಉಳಿದಿಬ್ಬರು ಹೈದರಾಬಾದಿನವರು, ಅವರಿಗೆ ನಮ್ಮ ಭಾಷೆ ಬಾರದು. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಮೂವತ್ತಾರು ವರ್ಷದ ಗಂಡಸು, ಖರ್ಜೂರದ ಪೊಟ್ಟಣಕ್ಕೆ ಮುನಿಸು. ಸಂಜೆ ಟ್ಯಾಕ್ಸಿ ಬಂತು. “ಬರ್ತೇನೆ ಮಾರಾಯ” ಎಂದು ನನ್ನ ಕಾಲು ಅಲುಗಿಸಿದರು. ನಿದ್ದೆ ಬಂದವನಂತೆ ಬಿದ್ದುಕೊಂಡೆ. ಪೆಟ್ಟಿಗೆ ಕೆಳಗಿಳಿಸಲಿಕ್ಕೂ ಏಳಲಿಲ್ಲ.

ಮರುದಿನದ್ದನ್ನು ನಾನು ಬರೆಯುವುದಿಲ್ಲ.

ಮುಂದಿನ ರಜೆಯಲ್ಲಿ ಅವರ ಮನೆಗೆ ಹೋದೆ. “ಸಿಟ್ಟಲ್ಲಿ ಫೋನು ಇಟ್ಟದ್ದು ನಾನೇ. ಕಡೆಗೆ ನನ್ನಿಂದ ಅವರು ಕೇಳಿದ್ದು ಅದೇ ಮಾತು” ಎಂದರು ನಫೀಸಕ್ಕ. ನಾನು, “ಇಲ್ಲ ಅಕ್ಕ, ನಗ್ತಾ ಹೋದರು” ಎಂದೆ. ಅವರು ನಂಬಲಿಲ್ಲ. ನಂಬುವ ಹಾಗೆ ಹೇಳಬೇಕಾದರೆ ಬ್ಲ್ಯಾಂಕೆಟಿನ ಮಾತು ಬರಬೇಕು. ಅದು ಬಂದರೆ ಪೊಟ್ಟಣದ ಮಾತೂ ಬರಬೇಕು, ಗೋಡೆಗೆ ತಿರುಗಿ ಮಲಗಿದ್ದೂ ಬರಬೇಕು. ಚಹಾ ಕುಡಿದು ಎದ್ದುಬಂದೆ. ಕೆಲಸ ಬಿಟ್ಟು ಊರಿಗೆ ಬಂದು ನೆಲೆಸಿದ ಮೇಲೂ ಪೇಟೆಯಲ್ಲಿ ಅವರನ್ನು ಕಂಡರೆ ಆಚೆ ಬದಿಯಿಂದ ಹೋಗುತ್ತಿದ್ದೆ.

ಸವಿತಾ ಟೀಚರಿಗೆ ಆ ಫೋನಿನ ಜಗಳವನ್ನು ಹೇಳಿದವರು ನಫೀಸಕ್ಕನೇ. ಟೀಚರು ಅದನ್ನೇ ಕೊನೆಯ ದೃಶ್ಯ ಮಾಡಿದ್ದರು: ಮನುಷ್ಯ ಹೊರಟು ಹೋಗುತ್ತಾನೆ, ಬ್ಲ್ಯಾಂಕೆಟ್ ಮಂಚದ ಮೇಲೆ ಉಳಿಯುತ್ತದೆ. ಹಾಳೆಯಲ್ಲಿ ಓದಿದೆ, ನಡೆದದ್ದು ಹಾಗಲ್ಲ ಎಂದು ಗೊತ್ತಿದ್ದವನು ಅಲ್ಲಿ ನಾನೊಬ್ಬನೇ. ಆದರೂ, “ಒಳ್ಳೇದುಂಟು” ಎಂದೆ.

ಆ ದೃಶ್ಯ ತೆಗೆಯುವ ಭಾನುವಾರ ನಫೀಸಕ್ಕ ಎಲ್ಲರಿಗೂ ತುಪ್ಪದನ್ನ ಮಾಡಿ ತಂದಿದ್ದರು. ಹಮೀದಿಚ್ಚನ ಪಾತ್ರ ಆಟೋ ಓಡಿಸುವ ರಝಾಕನದು. ನಾನು ಕಲಿಸಿದ ಹಾಗೆ ಅವನು ಬೆಳಗ್ಗೆಯೇ ತನ್ನ ತೂಕ ನೋಡಿಟ್ಟಿದ್ದ. ಊಟ ಮುಗಿಸಿ, ಬೂಟು ಹಾಕಿ, ಪೆಟ್ಟಿಗೆ ಎತ್ತಿ ನಿಂತ. ಆ ಪೆಟ್ಟಿಗೆಯನ್ನು ಟೀಚರು ರೇಷನ್ ಅಂಗಡಿಯಲ್ಲಿ ತೂಗಿಸಿಯೇ ತಂದಿದ್ದರು, ಸರಿಯಾಗಿ ಇಪ್ಪತ್ತು.

“ಟೀಚರೇ, ನನ್ನ ತೂಕ ಕಳೆದರೆ ಇಪ್ಪತ್ತೊಂದೂವರೆ ಬರ್ತದೆ. ನಿಮ್ಮ ರೇಷನ್ ಅಂಗಡಿಯವ ಮೋಸಗಾರ!”

“ಅವನನ್ನು ಎಂತಕ್ಕೆ ಬೈಯುವುದು? ಮೂರು ಸಲ ಬಡಿಸಿಕೊಂಡದ್ದು ಯಾರು?” ಎಂದರು ನಫೀಸಕ್ಕ. “ಅದು ನನ್ನ ತುಪ್ಪದನ್ನದ ತೂಕ ಮಾರಾಯ. ಬೂಟು ಬೇರೆ ಉಂಟು ಕಾಲಲ್ಲಿ.”

ಎಲ್ಲರೂ ನಕ್ಕರು. ನಾನು ಅಲ್ಲೇ ಇದ್ದ ಮಂಚದ ಮೇಲೆ ಕುಳಿತೆ. ಒಂದೂವರೆ ಕಿಲೋ. ಬಿರಿಯಾನಿ, ಬೂಟು, ಬೆಲ್ಟು, ಕಿಸೆಯ ಫೋನು. ಅವರು ಇನ್ನೊಮ್ಮೆ ಒಬ್ಬರೇ ಯಂತ್ರದ ಮೇಲೆ ನಿಂತಿದ್ದರೆ ಪೊಟ್ಟಣ, ಬ್ಲ್ಯಾಂಕೆಟ್ ಎರಡಕ್ಕೂ ಜಾಗವಿತ್ತು. ಫೋನು ಮಾಡುವ ಅಗತ್ಯವೇ ಇರಲಿಲ್ಲ. ಹನ್ನೊಂದು ವರ್ಷ ಎಷ್ಟೋ ಜನರ ಪೆಟ್ಟಿಗೆ ತೂಗಿದ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ.

“ಎಂತ ಆಯ್ತು ಅಣ್ಣ? ಮುಖ ಹೀಗೆ ಬಿಳುಚಿಕೊಂಡಿದೆ?” ಎಂದು ನಫೀಸಕ್ಕ ನೀರು ತಂದರು.

ನೀರು ಕುಡಿದು ಹೇಳಿದೆ. ಆ ಶುಕ್ರವಾರದ್ದನ್ನು ನಡೆದ ಕ್ರಮದಲ್ಲಿಯೇ, ಏನೂ ಬಿಡದೆ. ಪೊಟ್ಟಣ, ಕಿಟಕಿ, ಅವರು ಬ್ಲ್ಯಾಂಕೆಟನ್ನು ಮತ್ತೆ ಒಳಗಿಟ್ಟದ್ದು, ಹಗ್ಗ ಬಿಗಿಯುತ್ತಾ ಆಡಿದ ಮಾತು, ಕಾಲು ಅಲುಗಿಸಿದಾಗ ನಾನು ಏಳದಿದ್ದದ್ದು. ಟೀಚರ ತಮ್ಮ ಕ್ಯಾಮರಾ ಆರಿಸಿದ. ನಫೀಸಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೇಳಿದರು.

“ಇದನ್ನು ಹೇಳ್ಲಿಕ್ಕೆ ನಿಮಗೆ ಇಷ್ಟು ವರ್ಷ ಬೇಕಾಯ್ತಾ?”

ಲೋಟವನ್ನು ಕೆಳಗಿಟ್ಟೆ. ಅವರು ಅನ್ನದ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟರು. ಚೀಲಕ್ಕೆ ತುಂಬಿದರು. ಬಾಗಿಲ ತನಕ ಹೋದವರು ತಿರುಗಿ ನಿಂತರು.

“ಯಾವ ಬಣ್ಣ ಇತ್ತು ಅದು?”

“ಹಸಿರು. ದೊಡ್ಡ ದೊಡ್ಡ ಹೂವಿತ್ತು.”

ತಲೆಯಾಡಿಸಿ ಹೊರಟುಹೋದರು.

ಟೀಚರು ದೃಶ್ಯ ಬದಲಿಸಿದರು. ಆದರೆ ಅವರು ತಂದಿದ್ದದ್ದು ಕೆಂಪು ಬ್ಲ್ಯಾಂಕೆಟ್, ಪಕ್ಕದ ಮನೆಯಿಂದ ಬೇಡಿ ತಂದದ್ದು. ಹಸಿರಿನದು ಎಲ್ಲೂ ಸಿಗಲಿಲ್ಲ, ಹೊಸತು ತರುವ ಶಕ್ತಿ ನಮ್ಮ ಸಿನಿಮಾಕ್ಕೆ ಇರಲಿಲ್ಲ. ಕೆಂಪನ್ನೇ ರಝಾಕ ಪೆಟ್ಟಿಗೆಗೆ ತುರುಕಿದ.

ಮೊನ್ನೆ ಭಾನುವಾರ ಗ್ರಂಥಾಲಯದ ಮಾಳಿಗೆಯಲ್ಲಿ ಸಿನಿಮಾ ತೋರಿಸಿದರು. ನಫೀಸಕ್ಕ ಬರುತ್ತಾರೋ ಇಲ್ಲವೋ ಎಂದು ನಾನು ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಈ ಸಲ ಆಚೆ ಬದಿಗೆ ಹೋಗಲಿಲ್ಲ. ಬಂದರು. ನನ್ನನ್ನು ನೋಡಿ, “ಮೇಲೆ ಫ್ಯಾನು ಉಂಟಾ?” ಎಂದು ಕೇಳಿದರು. ಉಂಟು ಎಂದೆ. ಮುಂದಿನ ಸಾಲಿನಲ್ಲಿ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುಳಿತರು. ನಾನು ಹಿಂದಿನ ಸಾಲಿನಲ್ಲಿ.

ಪರದೆಯ ಮೇಲೆ ರಝಾಕ ಪೆಟ್ಟಿಗೆ ಬಿಚ್ಚಿ ಬ್ಲ್ಯಾಂಕೆಟ್ ಒಳಗಿಟ್ಟ. ನಫೀಸಕ್ಕ ಮೊಮ್ಮಗಳ ಕಿವಿಯ ಹತ್ತಿರ ಬಾಗಿದರು. ಮೆಲ್ಲಗೆ ಹೇಳಿದ್ದಾದರೂ ನನಗೆ ಕೇಳಿತು.

“ಅದು ಕೆಂಪಲ್ಲ ಮಗಾ. ಅಜ್ಜ ನನಗೆ ತಂದದ್ದು ಹಸಿರು.”