ಬೆಟ್ಟಕ್ಕೆ ಮೊದಲು ಕಾಲಿಡುವ ಶಾರದವ್ವ

ಶನಿವಾರ ಬೆಳಗಿನ ಏಳು ಗಂಟೆ. ಕೆನಡಾದ ಪಿಕರಿಂಗ್‌ನ ಉತ್ತರಕ್ಕಿರುವ ಈ ಗುಡ್ಡದ ಬುಡದಲ್ಲಿ ಮೈನಸ್ ಹದಿನಾಲ್ಕು. ರಾತ್ರಿಯೆಲ್ಲ ಸುರಿದ ಹಿಮ ಮೊಣಕಾಲುದ್ದ ನಿಂತಿದೆ, ಅದರ ಮೇಲೆ ಒಂದು ಅಳಿಲಿನ ಗುರುತೂ ಇಲ್ಲ. ಐವತ್ತನಾಲ್ಕು ವರ್ಷದ ಶಾರದವ್ವ ಹಣೆಗೆ ದೀಪ ಕಟ್ಟಿಕೊಂಡು ಬೂಟಿನಡಿಗೆ ಸ್ನೋಶೂ ಬಿಗಿಯುತ್ತಿದ್ದಾರೆ. ಕಾಲು ಹಿಮದಲ್ಲಿ ಹೂತುಹೋಗದಂತೆ ಕಟ್ಟಿಕೊಳ್ಳುವ, ಸಣ್ಣ ಮೊರದಷ್ಟು ಅಗಲದ ಚೌಕಟ್ಟು ಅದು. ಕಟ್ಟಿ ಮುಗಿಸಿದವರೇ ಸೊಂಟಕ್ಕೆ ಕೈಯಿಟ್ಟು ಗುಡ್ಡವನ್ನೊಮ್ಮೆ ನೋಡಿ, ಹತ್ತತೊಡಗುತ್ತಾರೆ.

ಮುಚ್ಚಿಡುವುದೇಕೆ, ನನಗೆ ಹೊಟ್ಟೆ ಉರಿಯುತ್ತದೆ. ಐದು ಚಳಿಗಾಲದಿಂದ ನಾನು ಅರೋರಾದಿಂದ ಕಾರು ಓಡಿಸಿಕೊಂಡು ಇಲ್ಲಿಗೆ ಬರುತ್ತಿದ್ದೇನೆ. ಒಳ್ಳೆಯ ಸ್ನೋಶೂ, ಒಳ್ಳೆಯ ಜಾಕೆಟ್ಟು, ಮೈಸೂರಿನ ತಂಗಿಗೆ ಫೋಟೋ ಕಳಿಸುವ ಹುಚ್ಚು, ಎಲ್ಲವೂ ಇದೆ. ಯಾರೂ ತುಳಿಯದ ಹಿಮದ ಮೇಲೆ ಮೊದಲು ಕಾಲಿಡುವ ಭಾಗ್ಯ ಮಾತ್ರ ಒಮ್ಮೆಯೂ ಸಿಕ್ಕಿಲ್ಲ. ಎಷ್ಟು ಬೇಗ ಬಂದರೂ ಒಂದು ದಾರಿ ಆಗಲೇ ಮೇಲಕ್ಕೆ ಹೋಗಿರುತ್ತದೆ. ಅದು ಇವರ ಕೆಲಸವೆಂದು ಕಳೆದ ತಿಂಗಳಷ್ಟೇ ಗೊತ್ತಾಯಿತು. ಇವರ ಬಗ್ಗೆ ಅಭಿಮಾನದಿಂದ ಬರೆಯುತ್ತೇನೆಂದು ಪತ್ರಿಕೆಯ ಸಂಪಾದಕರಿಗೆ ಹೇಳಿ ಬಂದಿದ್ದೇನೆ. ಅವರು ನಂಬಿದ್ದಾರೆ.

ಶಾರದವ್ವ ಹುಬ್ಬಳ್ಳಿ ಬಳಿಯ ಕುಂದಗೋಳದವರು. ಗಂಡ ನಿಜಲಿಂಗಪ್ಪ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ. ಹನ್ನೊಂದು ವರ್ಷದ ಹಿಂದೆ ಬಂದ ಹೊಸದರಲ್ಲಿ ಇವರು ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದರು. ಮಣಿಕಟ್ಟು ಕೆಟ್ಟಿತು, ಕೆಲಸ ಹೋಯಿತು. ಎಂಟು ತಿಂಗಳು ಬೇಸ್‌ಮೆಂಟಿನಲ್ಲಿ ಕುಳಿತು, ಕಿಟಕಿಯಲ್ಲಿ ಹಾದುಹೋಗುವ ಜನರ ಬೂಟುಗಳನ್ನು ನೋಡಿದ್ದನ್ನು ಈಗ ನಗುತ್ತಲೇ ಹೇಳುತ್ತಾರೆ. ಮಗಳು ಸೌಮ್ಯಾ ಅರ್ಜಿ ತುಂಬಿದಳು, ಈ ಗುಡ್ಡವಿರುವ ಪಾರ್ಕಿನವರು ಕರೆದರು. ಬೇಸಿಗೆಯಲ್ಲಿ ಕಳೆ ಕೀಳುವುದು, ಚಳಿಗಾಲದಲ್ಲಿ ದಾರಿ ತುಳಿಯುವುದು. ಇದು ಆರನೆಯ ಚಳಿಗಾಲ. "ಮದಲನೇ ದಿನಾ ಹದಿನೇಳ್ ಸಲಾ ಬಿದ್ದೇನ್ರಿ. ನಾ ಎಣಿಸಿಲ್ಲ, ಸೂಪರ್‌ವೈಸರು ಎಣಿಸ್ಯಾರ" ಎನ್ನುತ್ತಾರೆ.

ತುದಿಯವರೆಗೆ ಒಂದೂವರೆ ಕಿಲೋಮೀಟರ್. ಹತ್ತಿ, ಇಳಿದು, ಮತ್ತೆ ಹತ್ತಿ ಮೂರು ಸಲ ತುಳಿಯಬೇಕು. ಕೊನೆಗೆ ಇಳಿಯುವುದು ಹಿಂಬದಿಯ ಜೀಪಿನ ದಾರಿಯಲ್ಲಿ, ತುಳಿದದ್ದನ್ನು ಮುಟ್ಟದ ಹಾಗೆ. ಉಳಿದ ಮೂವರು ಕೆಲಸಗಾರರು ಆರಡಿ ಆಳುಗಳು. ಅವರು ತುಳಿದರೆ ಹೆಜ್ಜೆಗೊಂದು ಗುಂಡಿ, ಗಿಡ್ಡ ಕಾಲಿನವರು ನಡುವೆ ಮುಗ್ಗರಿಸುತ್ತಾರೆ. ಶಾರದವ್ವ ಬೇಕೆಂದೇ ಗೇಣುದ್ದ ಹೆಜ್ಜೆಯಿಡುತ್ತಾರೆ. ಆಮೇಲೆ ಬುಡದಲ್ಲಿ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿ ಯಾರೂ ಹೋಗದಂತೆ ಒಂದು ಗಂಟೆ ಹಾಗೇ ಬಿಟ್ಟುಬಿಡುತ್ತಾರೆ. ತುಳಿದ ಹಿಮ ಅಷ್ಟರಲ್ಲಿ ತಾನಾಗಿ ಬಿಗಿಯುತ್ತದೆ. "ಹೆಪ್ಪ ಹಾಕಿದ ಮಸರು ಅಳ್ಳಾಡಿಸ್ತೀವೇನ್ರಿ?" ಎಂದು ನನ್ನನ್ನೇ ಕೇಳುತ್ತಾರೆ.

ಇವತ್ತು ಆ ದಾರಿ ಗಟ್ಟಿಯಾಗಲೇಬೇಕು. ಹನ್ನೊಂದಕ್ಕೆ ನಮ್ಮ ಕನ್ನಡ ಬಳಗದ ಇಪ್ಪತ್ತೆರಡು ಜನ ಬರುತ್ತಾರೆ. ಅವರಲ್ಲಿ ಗಿರಿಜಾ ಒಬ್ಬರು, ಮಗನ ಮನೆಗೆ ಬಂದಿರುವ ಧಾರವಾಡದ ನಿವೃತ್ತ ಶಿಕ್ಷಕಿ. ಅರವತ್ತೊಂಬತ್ತು ವರ್ಷ, ಎರಡೂ ಮೊಣಕಾಲಿನ ಕೀಲು ಬದಲಾಯಿಸಿದ್ದಾರೆ. ಗಟ್ಟಿ, ಸಮ ದಾರಿಯಿದ್ದರೆ ಮಾತ್ರ ಹತ್ತಬಹುದೆಂದು ಡಾಕ್ಟರು ಹೇಳಿದ್ದಾರೆ. ಚಳಿಗಾಲವೆಲ್ಲ ಕಾದಿರುವ ಅವರಿಗೆ ಮಂಗಳವಾರ ವಾಪಸು ವಿಮಾನ. ಮಧ್ಯಾಹ್ನ ಒಂದಕ್ಕೆ ಪಾರ್ಕಿನವರು ಹತ್ತುವುದನ್ನು ನಿಲ್ಲಿಸುತ್ತಾರೆ, ಬಿಸಿಲಿಗೆ ಮೇಲಿನ ಇಳಿಜಾರು ಜಾರತೊಡಗುತ್ತದೆ. ದಾರಿ ಬಿಗಿಯಬೇಕಾದ ಹೊತ್ತನ್ನೂ ಈ ಗಡುವನ್ನೂ ಶಾರದವ್ವ ನನಗೆ ಬಿಡಿಸಿ ಹೇಳಿದ್ದಾರೆ.

ಒಂಬತ್ತೂಕಾಲಿಗೆ ಅವರು ಚಹಾ ಕುಡಿಯಲು ಶೆಡ್ಡಿಗೆ ಹೋಗುತ್ತಾರೆ. ಆಕಾಶ ತೊಳೆದಿಟ್ಟಂತೆ ನೀಲಿ, ಹಿಮದ ಮೇಲೆ ಕಣ್ಣು ಕುಕ್ಕುವ ಬಿಸಿಲು. ಒಬ್ಬಳು ಹೋದರೆ ಏನಾದೀತು ಎಂದುಕೊಂಡು ನಾನು ರಿಬ್ಬನ್ ಕೆಳಗೆ ನುಸುಳುತ್ತೇನೆ. ಶಿಖರದ ಆಚೆ ಒಂದು ದಿಬ್ಬವಿದೆ, ಅಲ್ಲಿ ಅವರೂ ಕಾಲಿಟ್ಟಿಲ್ಲ, ಅದಾದರೂ ನನ್ನದಾಗಲಿ ಎಂಬ ಆಸೆ. ನನ್ನ ದೊಡ್ಡ ಹೆಜ್ಜೆಗಳಿಗೆ ಹಸಿ ದಾರಿ ಕುಸಿಯುತ್ತಾ ಹೋಗುತ್ತದೆ. ಅರ್ಧ ಕಿಲೋಮೀಟರ್ ಹೋಗಿ ಹಿಂತಿರುಗಿ ನೋಡಿದರೆ, ಸಾಲು ಸಾಲು ಗುಂಡಿ.

ಇಳಿದು ಬಂದಾಗ ಶಾರದವ್ವ ಚಹಾದ ಲೋಟ ಹಿಡಿದು ನಿಂತಿದ್ದಾರೆ. ಕ್ಷಮೆ ಕೇಳುತ್ತೇನೆ. ಸುಳ್ಳು ಹೇಳಲು ನಾಚಿಕೆಯಾಗಿ, ನಿಮ್ಮ ಮೇಲೆ ಹೊಟ್ಟೆಕಿಚ್ಚಿನಿಂದ ಹೀಗೆ ಮಾಡಿದೆ ಎಂದೂ ಹೇಳಿಬಿಡುತ್ತೇನೆ. ಅವರು ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಲಿಕೆಯೊಂದನ್ನು ನನ್ನ ಕೈಗಿಟ್ಟು, "ನೀವು ಕುಣಿ ತುಂಬ್ರಿ ಅಕ್ಕಾರ, ನಾ ತುಳೀತೇನಿ" ಎನ್ನುತ್ತಾರೆ.

ಮುಗಿದಾಗ ಹತ್ತೂಮುಕ್ಕಾಲು. ದಾರಿ ಬಿಗಿಯಲು ಇನ್ನೊಂದು ಗಂಟೆ ಬೇಕು. ಬಂದ ಬಳಗ ಗೊಣಗುತ್ತದೆ, ಮುಂದಾಳು ಚಿರಂತನ್ ಪಾರ್ಕಿನವರ ಅಶಿಸ್ತಿನ ಬಗ್ಗೆ ಮಾತು ಶುರುಮಾಡುತ್ತಾರೆ. ತಪ್ಪು ನನ್ನದೆಂದು ಇಪ್ಪತ್ತೆರಡು ಜನರ ಮುಂದೆ ಒಪ್ಪಿಕೊಳ್ಳುತ್ತೇನೆ. ಗಿರಿಜಾ ಗಡಿಯಾರ ನೋಡಿಕೊಳ್ಳುತ್ತಾರೆ.

ಹನ್ನೊಂದೂಮುಕ್ಕಾಲಿಗೆ ಶಾರದವ್ವ ರಿಬ್ಬನ್ ಬಿಚ್ಚುತ್ತಾರೆ. ಎರಡು ಕೋಲು ಊರಿಕೊಂಡು ಗಿರಿಜಾ ಹತ್ತುತ್ತಾರೆ, ನಾನು ಹಿಂದೆ. ನಾನು ಕೆಡಿಸಿದ ಜಾಗ ಬಂದಾಗ ಅವರ ಕಾಲನ್ನೇ ನೋಡುತ್ತೇನೆ, ಅದು ಕುಸಿಯುವುದಿಲ್ಲ. ಒಂದಕ್ಕೆ ಹತ್ತು ನಿಮಿಷವಿರುವಾಗ ಅವರು ತುದಿಯಲ್ಲಿದ್ದಾರೆ. ದಕ್ಷಿಣಕ್ಕೆ ದೂರದಲ್ಲಿ ಸರೋವರದ ನೀಲಿ ಗೆರೆ. ಬಹಳ ಹೊತ್ತು ನೋಡಿ, ಕೊನೆಗೆ ಕಾಲ ಕೆಳಗೆ ನೋಡುತ್ತಾರೆ. "ಇಷ್ಟ್ ಸಣ್ಣ ಹೆಜ್ಜಿ ಯಾರವು? ನನ್ನ ಕಾಲಿಗೇ ಅಳತಿ ತಗೊಂಡಂಗ ಅದಾವ." ನಾನು ಬರೆದ ಯಾವುದರ ಬಗ್ಗೆಯೂ ಯಾರೂ ಹೀಗೆ ಹೇಳಿದ್ದಿಲ್ಲ. ಮತ್ತೆ ಹೊಟ್ಟೆ ಉರಿಯುತ್ತದೆ, ಆದರೂ ಹೆಸರು ಹೇಳುತ್ತೇನೆ.

ಸಂಜೆ ಶೆಡ್ಡಿನಲ್ಲಿ ಒದ್ದೆ ಕಾಲುಚೀಲ ಒಣಹಾಕುತ್ತಿದ್ದ ಶಾರದವ್ವನನ್ನು ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಸಂಬಳ, ಕಾಯಂ ಕೆಲಸ, ಹೊಸ ಸ್ನೋಶೂ ಎಂದೇನೋ ಬರೆದುಕೊಳ್ಳಲು ಪೆನ್ನು ತೆರೆದಿದ್ದೇನೆ.

"ನನ್ನ ಮ್ಯಾಲ ಹೊಟ್ಟಿಕಿಚ್ಚು ಅಂದ್ರಲ್ಲ ಅಕ್ಕಾರ, ನನಗ ನಿಮ್ಮ ಮಂದಿ ಮ್ಯಾಲ ಐತಿ. ಆರು ಚಳಿಗಾಲ ಆತು, ಈ ಗುಡ್ಡಾ ಒಬ್ಬಾಕಿನ ಹತ್ತೇನಿ, ಕಾಲ ನೋಡ್ಕೋತನ. ಒಂದ್ ದಿನಾ ಯಾರಾರ ತುಳದಿರಬೇಕು. ನಾ ಬಿಸಲಾಗ, ನಾಕ್ ಮಂದಿ ಜೋಡಿ ಮಾತಾಡ್ಕೋತ, ಹಿಂದಿಂದ ಬರಬೇಕು."